ಬಾಲಚುಕ್ಕಿಯ ಭಯ ಬಿಟ್ಟದ್ದು ಹೇಗೆ?



೧೯೮೬ನೆಯ ಇಸವಿ, ಮಾರ್ಚ್ ತಿಂಗಳು. ಹ್ಯಾಲಿಯ ಧೂಮಕೇತು ಬಂದಿದೆಯೆಂದು ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ನಾವಾಗ ಇನ್ನೂ ಚಿಕ್ಕ ವಯಸ್ಸಿನವರು. ಪ್ರಸಾದನಿಲಯದ ಹುಡುಗರನ್ನು ಕಟ್ಟಿಕೊಂಡು ಬೆಳಗಿನ ಜಾವ ಮಠದ ಮಾಳಿಗೆ ಹತ್ತಿ ಆಗ್ನೇಯ ದಿಕ್ಕಿಗೆ ಕಣ್ಣಿಟ್ಟು ನಿಂತೆವು. ಕಂಡದ್ದೇನು? ಹಿಂಜಿದ ಅರಳೆಯ ಒಂದು ಎಳೆ ಆಕಾಶಕ್ಕೆ ಅಂಟಿಕೊಂಡ ಹಾಗೆ, ಅಷ್ಟೇ. ಹುಡುಗರಿಗೆ ದೊಡ್ಡ ನಿರಾಸೆಯಾಯಿತು.

ಅಂದು ಮುಂಜಾನೆಯೇ ಹತ್ತಿರದ ಹಳ್ಳಿಯಿಂದ ಒಬ್ಬ ಮುದುಕಿ ಬಂದರು. ವಯಸ್ಸಿನಲ್ಲಿ ನಮಗಿಂತ ಮೂರು ಪಟ್ಟು ಹಿರಿಯರು. ಆದರೂ ನಮ್ಮನ್ನು ‘ಅಜ್ಜಾರ’ ಎನ್ನುವುದು ಈ ಕಡೆಯ ರೂಢಿ. “ಅಜ್ಜಾರ, ಬಾಲಚುಕ್ಕಿ ಬಂದೈತಂತ. ಮನ್ಯಾಗ ಮೊಮ್ಮಗಳು ಬಸರಿ ಅದಾಳ. ಇದು ಯಾರ ಮ್ಯಾಲ ಬರತೈತ್ರಿ? ಹಿಂದಕ ಬಂದಾಗ ನಮ್ಮವ್ವಗ ಹೊಸದಾಗಿ ಲಗ್ನ ಆಗಿತ್ತಂತ, ಊರಿಗೆ ಊರ ಹೆದರಿತ್ತಂತ” ಎಂದರು. ನಾವು “ಏನೂ ಆಗೂದಿಲ್ಲವಾ, ಹೋಗಿ ಬಾ” ಎಂದೆವು. ಆ ತಾಯಿ ಸಮಾಧಾನದಿಂದ ಹೋದರು. ಅವರು ಹೋದ ಮೇಲೆ ಮೂಲೆಯಲ್ಲಿ ನಿಂತಿದ್ದ ಹುಡುಗನೊಬ್ಬ ಕೇಳಿದ: “ಅಜ್ಜಾರ, ಏನೂ ಆಗೂದಿಲ್ಲಂತ ತಮಗ ಹ್ಯಾಂಗ ಗೊತ್ತಾತ್ರಿ?”

ನಮಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. ಹುಡುಗನನ್ನು ಗದರಿಸಿ ಕಳಿಸಿದೆವು. ಆ ಮುದುಕಿ ನಮ್ಮ ಮಾತನ್ನು ನಂಬಿದ್ದು ಮಾತಿನಲ್ಲಿದ್ದ ವಿಚಾರಕ್ಕಾಗಿ ಅಲ್ಲ, ನಾವು ಹೊದ್ದಿದ್ದ ಕಾವಿಗಾಗಿ. ಬಾಲಚುಕ್ಕಿ ಕೇಡು ತರುತ್ತದೆಂದು ಅವರಿಗೆ ಹಿಂದೆ ಹೇಳಿದವರೂ ಇಂಥದೇ ಬಲದಿಂದ ಹೇಳಿದ್ದರು. ಆ ಹುಡುಗನ ಪ್ರಶ್ನೆ ನಮ್ಮ ಬೆನ್ನು ಬಿಡಲಿಲ್ಲ. ಅದರ ಬೆನ್ನು ಹತ್ತಿ ಓದಿದ ಸಂಗತಿಗಳಲ್ಲಿ ಕೆಲವನ್ನು ಈ ಹೊತ್ತು ತಮ್ಮ ಮುಂದೆ ಇಡುತ್ತೇವೆ. ಇದು ಯುರೋಪಿನ ಕಥೆ. ಅಲ್ಲಿ ಆಕಾಶದ ಒಂದು ಚುಕ್ಕಿಯನ್ನು ಅರಿತುಕೊಳ್ಳಲು ಹೊರಟ ಜನ ಕೊನೆಗೆ ತಮ್ಮ ನ್ಯಾಯಾಲಯವನ್ನೂ ರಾಜನ ಅಪ್ಪಣೆಯನ್ನೂ ಪ್ರಶ್ನಿಸುವವರಾದರು. ಆ ಕಾಲವನ್ನೇ ಚರಿತ್ರೆಕಾರರು ಜ್ಞಾನೋದಯದ ಯುಗ ಎನ್ನುತ್ತಾರೆ.

ಮೊದಲು ಅಲ್ಲಿಯ ಪಂಡಿತರು ಏನು ನಂಬಿದ್ದರು ಎಂಬುದನ್ನು ನೋಡೋಣ. ಗ್ರೀಸ್ ದೇಶದ ಅರಿಸ್ಟಾಟಲನು ಧೂಮಕೇತುವೆಂದರೆ ಭೂಮಿಯಿಂದ ಎದ್ದ ಒಣ ಆವಿ, ಮೇಲೇರಿ ಹೊತ್ತಿಕೊಳ್ಳುತ್ತದೆ, ಚಂದ್ರನ ಕೆಳಗೇ ಇರುತ್ತದೆ ಎಂದು ಹೇಳಿದ್ದ. ಸುಮಾರು ಎರಡು ಸಾವಿರ ವರ್ಷ ಹೆಚ್ಚಿನ ಪಂಡಿತರು ಅದನ್ನೇ ಹೇಳಿಕೊಂಡು ಬಂದರು. ಅದರ ಜೊತೆಗೆ ಜನರ ಭಯ: ಬಾಲಚುಕ್ಕಿ ಕಂಡರೆ ರಾಜ ಸಾಯುತ್ತಾನೆ, ಬರ ಬರುತ್ತದೆ, ಯುದ್ಧವಾಗುತ್ತದೆ.

೧೫೭೭ರಲ್ಲಿ ಒಂದು ದೊಡ್ಡ ಧೂಮಕೇತು ಬಂತು. ಡೆನ್ಮಾರ್ಕಿನ ಟೈಕೋ ಬ್ರಾಹೆ ಎಂಬ ಖಗೋಳಜ್ಞ ಹ್ವೇನ್ ಎಂಬ ನಡುಗಡ್ಡೆಯಲ್ಲಿ ಕುಳಿತು ಅದನ್ನು ಅಳೆದ. ಹೇಗೆ ಅಳೆದ? ಮಕ್ಕಳೇ, ನಿಮ್ಮ ಹೆಬ್ಬೆರಳನ್ನು ಮುಖದ ಮುಂದೆ ಹಿಡಿಯಿರಿ. ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಬೆರಳು ಸರಿದಂತೆ ಕಾಣುತ್ತದೆಯಲ್ಲವೇ? ದೂರದ ಆ ಕಂಬ ಅಷ್ಟು ಸರಿಯುವುದಿಲ್ಲ. ಹತ್ತಿರದ್ದು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ ಸರಿಯುತ್ತದೆ. ಟೈಕೋ ತನ್ನ ಲೆಕ್ಕವನ್ನು ಪ್ರಾಗ್ ನಗರದವರ ಲೆಕ್ಕದೊಡನೆ ಹೋಲಿಸಿದ. ಎರಡು ಊರುಗಳೇ ಎರಡು ಕಣ್ಣುಗಳು. ಎರಡೂ ಊರುಗಳಿಂದ ನೋಡಿದಾಗ ಚಂದ್ರ ಸರಿದಷ್ಟು ಧೂಮಕೇತು ಸರಿಯಲಿಲ್ಲ. ಅಂದಮೇಲೆ ಅದು ಚಂದ್ರನಿಗಿಂತ ಬಹಳ ಆಚೆಗಿನದು, ನಮ್ಮ ಗಾಳಿಯೊಳಗಿನ ಆವಿಯಲ್ಲ! ಎರಡು ಸಾವಿರ ವರ್ಷದ ಮಾತು ಹೆಬ್ಬೆರಳಿನ ಲೆಕ್ಕಕ್ಕೆ ಬಿದ್ದುಹೋಯಿತು. ಆದರೆ ಭಯ ಅಷ್ಟು ಬೇಗ ಹೋಗಲಿಲ್ಲ. ಪಂಡಿತರ ತಲೆಯಿಂದ ಒಂದು ತಪ್ಪು ಹೋಗುವುದು ಬೇರೆ, ಜನರ ಎದೆಯಿಂದ ಹೋಗುವುದು ಬೇರೆ.

೧೬೮೦ರ ನವೆಂಬರಿನಲ್ಲಿ ಮತ್ತೊಂದು ಬಂತು. ಜರ್ಮನಿಯ ಕಿರ್ಶ್ ಎಂಬಾತ ಅದನ್ನು ದೂರದರ್ಶಕದಲ್ಲಿ ಕಂಡ. ದೂರದರ್ಶಕದಿಂದ ಕಂಡುಹಿಡಿದ ಮೊದಲ ಧೂಮಕೇತು ಅದು. ಮುಂದೆ ಅದರ ಬಾಲ ಆಕಾಶದ ಉದ್ದಕ್ಕೂ ಚಾಚಿ ಯುರೋಪಿಗೆ ಯುರೋಪೇ ತಲೆಯೆತ್ತಿ ನೋಡಿತು, ಹೆದರಿತು. ಆಗ ಫ್ರಾನ್ಸಿನ ಸೆದಾನ್ ಎಂಬ ಊರಿನಲ್ಲಿ ಪಿಯರ್ ಬೇಲ್ ಎಂಬ ಬಡ ಅಧ್ಯಾಪಕನಿದ್ದ. ಪ್ರಾಟೆಸ್ಟಂಟ್ ಪಂಗಡದ ಒಬ್ಬ ಪಾದ್ರಿಯ ಮಗ. ಜನ ಅವನ ಬಳಿ ಬಂದು ಬಂದು ಅದೇ ಪ್ರಶ್ನೆ ಕೇಳಿದರು: ಇದು ಯಾರ ಮೇಲೆ ಬರುತ್ತದೆ? ನಮ್ಮ ಹಾಗೆ ಅವನು “ಏನೂ ಆಗುವುದಿಲ್ಲ, ಹೋಗಿ ಬನ್ನಿ” ಎನ್ನಲಿಲ್ಲ. ಕಾರಣ ಸಹಿತ ಬರೆಯಲು ಕುಳಿತ. ಅಷ್ಟರಲ್ಲಿ ೧೬೮೧ರಲ್ಲಿ ರಾಜ ಹದಿನಾಲ್ಕನೆಯ ಲೂಯಿಯ ಅಪ್ಪಣೆಯಿಂದ ಆ ವಿದ್ಯಾಲಯವೇ ಮುಚ್ಚಿತು. ಬೇಲ್ ದೇಶ ಬಿಟ್ಟು ಹಾಲೆಂಡಿನ ರಾಟರ್‌ಡ್ಯಾಮಿಗೆ ಹೋದ. ೧೬೮೨ರಲ್ಲಿ ಧೂಮಕೇತುವಿನ ಬಗ್ಗೆ ಅವನ ಪತ್ರರೂಪದ ಪುಸ್ತಕ ಅಚ್ಚಾಯಿತು. ಅದರ ಮೇಲೆ ಅವನ ಹೆಸರಿರಲಿಲ್ಲ. ಒಬ್ಬ ಕ್ಯಾಥೊಲಿಕನು ಮತ್ತೊಬ್ಬ ಕ್ಯಾಥೊಲಿಕ್ ಪಂಡಿತನಿಗೆ ಬರೆದಂತೆ ವೇಷ ತೊಡಿಸಿದ್ದ.

ಅದರಲ್ಲಿ ಏನಿತ್ತು? ನೀವು ಊಹಿಸಿದಂತೆ ಖಗೋಳದ ಲೆಕ್ಕವಲ್ಲ. ಅದು ಅವನಿಗೆ ಹೆಚ್ಚು ತಿಳಿದಿರಲೂ ಇಲ್ಲ. ಅವನು ಕೇಳಿದ್ದು ನಮ್ಮ ಮನೆಯ ಹಿರಿಯರು ವ್ಯವಹಾರದಲ್ಲಿ ಕೇಳುವಂಥ ಪ್ರಶ್ನೆಗಳು. ಧೂಮಕೇತು ಬಂದ ವರ್ಷಗಳ ಪಕ್ಕದಲ್ಲಿ ಬಾರದ ವರ್ಷಗಳನ್ನೂ ಇಟ್ಟು ಎಣಿಸಿದ್ದೀರಾ? ಯುದ್ಧ, ಬರ, ರೋಗ ಯಾವ ವರ್ಷ ಇರಲಿಲ್ಲ? ಬಂದಾಗಿನ ಕೇಡನ್ನು ನೆನಪಿಡುತ್ತೀರಿ, ಬಂದಾಗಿನ ಸುಖವನ್ನು ಮರೆಯುತ್ತೀರಿ. ಒಂದು ಕೇರಿಯ ಹೆಂಗಸು ಕಿಟಕಿಯಿಂದ ತಲೆ ಹೊರಗೆ ಹಾಕಿದಾಗಲೆಲ್ಲ ಬೀದಿಯಲ್ಲಿ ಬಂಡಿ ಹೋಗುವುದನ್ನು ಕಾಣುತ್ತಾಳೆ. ತಾನು ತಲೆ ಹಾಕಿದ್ದರಿಂದಲೇ ಬಂಡಿ ಬಂತೆಂದು ಆಕೆ ತಿಳಿದರೆ ಹೇಗೆ? ಇದು ಅವನದೇ ಹೋಲಿಕೆ, ನಾವು ನಮ್ಮ ಮಾತಿನಲ್ಲಿ ಹೇಳಿದ್ದೇವೆ.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಲಕ್ಷ ಜನ ನಂಬಿದ್ದಾರಲ್ಲ, ಅದು ಸುಳ್ಳಾದೀತೇ ಎಂದು ಕೇಳುವವರಿಗೆ ಬೇಲ್ ಕೊಟ್ಟ ಉತ್ತರ: ಆ ಲಕ್ಷ ಜನರಲ್ಲಿ ಪರೀಕ್ಷಿಸಿ ನೋಡಿದವರೆಷ್ಟು? ಒಬ್ಬ ಹೇಳಿದ, ಉಳಿದವರು ಪರೀಕ್ಷಿಸದೆ ಒಪ್ಪಿದರು ಎಂದಾದರೆ ಅದು ಲಕ್ಷ ಸಾಕ್ಷಿಯಲ್ಲ, ಒಂದೇ ಸಾಕ್ಷಿ. ಈ ಮಾತನ್ನು ತಾವು ಗಂಟು ಹಾಕಿಟ್ಟುಕೊಳ್ಳಬೇಕು. ಮುಂದೆ ಕೆಲಸಕ್ಕೆ ಬರುತ್ತದೆ.

ಅವನು ಇನ್ನೂ ಮುಂದೆ ಹೋಗಿ, ದೇವರನ್ನು ನಂಬದವರ ಸಮಾಜವೂ ನೀತಿಯಿಂದ ಬಾಳಬಲ್ಲದು ಎಂದೂ ಬರೆದ. ನಂಬಿದವರು ಎಷ್ಟು ಅನ್ಯಾಯ ಮಾಡುತ್ತಾರೆಂಬುದು ಅವನ ಕಣ್ಣ ಮುಂದೆಯೇ ಇತ್ತು. ಮಠದಲ್ಲಿ ಕುಳಿತು ಇದನ್ನು ಹೇಳುತ್ತಾರಲ್ಲ ಸ್ವಾಮಿಗಳು ಎಂದು ಕೆಲವರು ಮುಖ ನೋಡುತ್ತಿದ್ದೀರಿ. ಅವನ ಮಾತನ್ನು ಒಪ್ಪುವುದು ಬಿಡುವುದು ಆಮೇಲೆ. ಮೊದಲು ಪೂರ್ತಿ ಕೇಳಬೇಕಲ್ಲವೇ?

ಈ ಧೈರ್ಯಕ್ಕೆ ಬೆಲೆ ತೆತ್ತವನು ಬೇಲ್ ಅಲ್ಲ, ಅವನ ಅಣ್ಣ. ಕಾಲ್ವಿನ್ ಪಂಥದ ಚರಿತ್ರೆಯ ಬಗ್ಗೆ ಬೇಲ್ ೧೬೮೨ರಲ್ಲೇ ಇನ್ನೊಂದು ವಿಮರ್ಶೆ ಬರೆದಿದ್ದ. ಅದನ್ನು ಪ್ಯಾರಿಸಿನಲ್ಲಿ ಸುಟ್ಟರು. ಬರೆದವನು ಹಾಲೆಂಡಿನಲ್ಲಿದ್ದ, ಕೈಗೆ ಸಿಗಲಿಲ್ಲ. ಊರಿನಲ್ಲಿ ಪಾದ್ರಿಯಾಗಿದ್ದ ಅವನ ಅಣ್ಣ ಜಾಕೋಬನನ್ನು ೧೬೮೫ರಲ್ಲಿ ಹಿಡಿದು ಸೆರೆಗೆ ಹಾಕಿದರು. ನಂಬಿಕೆ ಬದಲಿಸು, ಬಿಡುತ್ತೇವೆ ಎಂದರು. ಆತ ಬದಲಿಸಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಬೋರ್ಡೋ ನಗರದ ಸೆರೆಮನೆಯಲ್ಲೇ ಪ್ರಾಣ ಬಿಟ್ಟ. ಆ ನೋವಿನಲ್ಲೇ ಬೇಲ್ ಮುಂದಿನ ವರ್ಷ, ಯಾರ ನಂಬಿಕೆಯನ್ನೂ ಬಲವಂತದಿಂದ ಬದಲಿಸಬಾರದು ಎಂದು ದೊಡ್ಡ ಪುಸ್ತಕ ಬರೆಯತೊಡಗಿದ. ತಮ್ಮನ ಲೇಖನಿಗೆ ಅಣ್ಣನ ಪ್ರಾಣ! ಓದಿದಾಗ ನಮಗೆ ಬಹಳ ಹೊತ್ತು ಪುಟ ತಿರುಗಿಸಲಾಗಲಿಲ್ಲ.

ಈಗ ಇಂಗ್ಲೆಂಡಿಗೆ ಬರೋಣ. ಬೇಲ್ ಭಯವನ್ನು ಪ್ರಶ್ನಿಸಿದ, ಸರಿ. ಆದರೆ ಧೂಮಕೇತು ಏನು, ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಅದಕ್ಕೆ ಉತ್ತರ ಬೇರೆ ಕಡೆಯಿಂದ ಬರಬೇಕಾಗಿತ್ತು. ೧೬೮೪ರ ಆರಂಭದಲ್ಲಿ ಲಂಡನ್ನಿನಲ್ಲಿ ಹ್ಯಾಲಿ, ಹುಕ್, ರೆನ್ ಎಂಬ ಮೂವರು ಮಾತಿಗೆ ಕುಳಿತಿದ್ದರು. ದೂರ ಹೆಚ್ಚಿದಂತೆ ಅದರ ವರ್ಗದ ಪ್ರಮಾಣದಲ್ಲಿ ಸೂರ್ಯನ ಸೆಳೆತ ಕುಗ್ಗುವುದಾದರೆ ಗ್ರಹಗಳ ದಾರಿ ಯಾವ ಆಕಾರದ್ದಾಗುತ್ತದೆ? ಸಾಧಿಸಿ ತೋರಿಸಿದವರಿಗೆ ನಲವತ್ತು ಷಿಲಿಂಗ್ ಬೆಲೆಯ ಪುಸ್ತಕ ಬಹುಮಾನ ಎಂದು ರೆನ್ ಹೇಳಿದ. ಯಾರಿಂದಲೂ ಆಗಲಿಲ್ಲ. ಆ ವರ್ಷ ಆಗಸ್ಟಿನಲ್ಲಿ ಹ್ಯಾಲಿ ಕೇಂಬ್ರಿಜ್‌ಗೆ ಹೋಗಿ ನ್ಯೂಟನ್ನನನ್ನು ಕೇಳಿದ. ದೀರ್ಘವೃತ್ತ ಎಂದ ನ್ಯೂಟನ್, ಥಟ್ಟನೆ. ಹೇಗೆ ಗೊತ್ತು? ಲೆಕ್ಕ ಮಾಡಿದ್ದೇನೆ. ಎಲ್ಲಿ, ತೋರಿಸಿ? ಕಾಗದ ಸಿಗುತ್ತಿಲ್ಲ!

ಆ ಕಳೆದ ಕಾಗದವನ್ನು ಮತ್ತೆ ಬರೆಯಲು ಹೋಗಿ ೧೬೮೭ರಲ್ಲಿ ‘ಪ್ರಿನ್ಸಿಪಿಯಾ’ ಎಂಬ ಮಹಾಗ್ರಂಥವೇ ಹೊರಬಂತು. ಅಚ್ಚಿನ ಖರ್ಚು ಕೊಡಬೇಕಾಗಿದ್ದ ರಾಯಲ್ ಸೊಸೈಟಿ ಮೀನುಗಳ ಬಗೆಗಿನ ಒಂದು ಚಿತ್ರಪುಸ್ತಕ ಅಚ್ಚುಹಾಕಿಸಿ ಕೈ ಬರಿದು ಮಾಡಿಕೊಂಡಿತ್ತು. ಖರ್ಚನ್ನು ಹ್ಯಾಲಿಯೇ ಹೊತ್ತ. ಸೊಸೈಟಿ ಹ್ಯಾಲಿಗೆ ಕೊಡಬೇಕಾದ ಸಂಬಳವನ್ನೂ ಮಾರಾಟವಾಗದೆ ಉಳಿದ ಮೀನಿನ ಪುಸ್ತಕಗಳ ರೂಪದಲ್ಲಿ ಕೊಟ್ಟಿತಂತೆ. ಮಠದ ಪ್ರಕಟಣೆ ನೋಡಿಕೊಳ್ಳುವವರು ಅಲ್ಲಿ ನಗುತ್ತಿದ್ದಾರೆ. ಅವರಿಗೆ ಈ ಕಷ್ಟ ಗೊತ್ತು.

ಆ ಗ್ರಂಥದಲ್ಲಿ ನ್ಯೂಟನ್ ೧೬೮೦ರ ಅದೇ ಧೂಮಕೇತುವಿನ ದಾರಿಯನ್ನು ಲೆಕ್ಕ ಹಾಕಿ ತೋರಿಸಿದ. ಮರದಿಂದ ಕಾಯಿ ಬೀಳುವುದಕ್ಕೆ ಯಾವ ನಿಯಮವೋ ಚಂದ್ರ ಸುತ್ತುವುದಕ್ಕೂ ಅದೇ, ಧೂಮಕೇತು ಬಂದು ಹೋಗುವುದಕ್ಕೂ ಅದೇ. ನಾವು ಮೇಲಕ್ಕೆ ಎಸೆದ ಕಲ್ಲು ಏರುತ್ತ ಏರುತ್ತ ನಿಧಾನವಾಗುತ್ತದೆ, ಇಳಿಯುತ್ತ ಇಳಿಯುತ್ತ ವೇಗವಾಗುತ್ತದೆ. ಧೂಮಕೇತುವೂ ಸೂರ್ಯನಿಂದ ದೂರ ಹೋದಂತೆ ನಿಧಾನ, ಹತ್ತಿರ ಬಂದಂತೆ ವೇಗ. ಆಕಾಶಕ್ಕೊಂದು ಕಾನೂನು, ಭೂಮಿಗೊಂದು ಕಾನೂನು ಎಂಬ ಭೇದವೇ ಅಳಿಯಿತು. ಈ ಮಾತನ್ನು ಮುಂದೆ ಓದಿದ ಜನ, ಹಾಗಾದರೆ ಅರಸನಿಗೊಂದು ಕಾನೂನು ಬಡವನಿಗೊಂದು ಕಾನೂನು ಏಕೆ ಎಂದು ಕೇಳುವುದು ಕಷ್ಟವಾಗಲಿಲ್ಲ. ನ್ಯೂಟನ್ ಅದನ್ನು ಕೇಳಲಿಲ್ಲ. ಅವನು ದೈವಭಕ್ತ, ಬೈಬಲಿನ ವ್ಯಾಖ್ಯಾನಕ್ಕೆ ವರ್ಷಗಟ್ಟಲೆ ಸವೆದವನು. ಒಬ್ಬನು ಹಚ್ಚಿದ ದೀಪದಲ್ಲಿ ಇನ್ನೊಬ್ಬನು ಬೇರೆಯದನ್ನೇ ನೋಡುವುದುಂಟು.

ಹ್ಯಾಲಿ ಹಳೆಯ ದಾಖಲೆಗಳನ್ನು ಕೆದಕಿ ೧೭೦೫ರಲ್ಲಿ ಇಪ್ಪತ್ನಾಲ್ಕು ಧೂಮಕೇತುಗಳ ದಾರಿಯನ್ನು ಪ್ರಕಟಿಸಿದ. ೧೫೩೧, ೧೬೦೭, ೧೬೮೨ ಈ ಮೂರು ಸಲ ಬಂದವುಗಳ ದಾರಿ ಹೆಚ್ಚುಕಡಿಮೆ ಒಂದೇ. ನಡುವಿನ ಅಂತರ ಎಪ್ಪತ್ತೈದು, ಎಪ್ಪತ್ತಾರು ವರ್ಷ. ಇದು ಮೂರಲ್ಲ, ಒಂದೇ. ೧೭೫೮ರ ಹೊತ್ತಿಗೆ ಮತ್ತೆ ಬರುತ್ತದೆ ಎಂದ. ಆಗ ಅವನಿಗೆ ಹತ್ತಿರ ಹತ್ತಿರ ಐವತ್ತು. ತಾನು ನೋಡಲಾರೆನೆಂಬುದು ಗೊತ್ತಿತ್ತು. ೧೭೪೨ರಲ್ಲಿ ತೀರಿಕೊಂಡ.

ಇತ್ತ ಫ್ರಾನ್ಸಿನಲ್ಲಿ ವಾಲ್ಟೇರ್ ಎಂಬ ಕವಿ ಒಬ್ಬ ಶ್ರೀಮಂತನೊಡನೆ ಮಾತಿಗೆ ಮಾತು ಬೆಳೆಸಿ, ಅವನ ಆಳುಗಳಿಂದ ಏಟು ತಿಂದು, ತಿಂದ ತಪ್ಪಿಗೆ ತಾನೇ ಬಾಸ್ತೀಲ್ ಸೆರೆಮನೆ ಸೇರಿ, ೧೭೨೬ರಲ್ಲಿ ಇಂಗ್ಲೆಂಡಿಗೆ ಹೋದ. ಮರುವರ್ಷ ನ್ಯೂಟನ್ ತೀರಿಕೊಂಡಾಗ ವಾಲ್ಟೇರ್ ಲಂಡನ್ನಿನಲ್ಲೇ ಇದ್ದ. ಲೆಕ್ಕದ ಮೇಷ್ಟ್ರ ಅಂತ್ಯಕ್ರಿಯೆಗೆ ರಾಜಮರ್ಯಾದೆ! ತನ್ನ ದೇಶದಲ್ಲಿ ವಂಶಕ್ಕೆ ಸಿಗುವ ಗೌರವ ಇಲ್ಲಿ ಬುದ್ಧಿಗೆ ಸಿಕ್ಕಿತಲ್ಲ ಎಂದು ಬೆರಗಾದ. ಮರಳಿ ಬಂದು ಬರೆದ ಪುಸ್ತಕವನ್ನು ೧೭೩೪ರಲ್ಲಿ ಪ್ಯಾರಿಸಿನ ನ್ಯಾಯಾಲಯದ ಅಪ್ಪಣೆಯಂತೆ ಸುಟ್ಟರು. ವಾಲ್ಟೇರ್ ಸಿರೆ ಎಂಬ ಹಳ್ಳಿಯ ಕೋಟೆಮನೆಗೆ ಓಡಿದ. ಆ ಮನೆಯ ಒಡತಿ ಎಮಿಲಿ ದು ಶಾತ್ಲೆ.

ತಾಯಂದಿರು ಈ ಹೆಸರನ್ನು ಕೇಳಿಸಿಕೊಳ್ಳಬೇಕು. ಗಣಿತದಲ್ಲಿ ವಾಲ್ಟೇರನಿಗಿಂತ ಬಹಳ ಮುಂದಿದ್ದವರು ಈಕೆ. ೧೭೩೮ರಲ್ಲಿ ವಾಲ್ಟೇರ್ ನ್ಯೂಟನ್ನನ ವಿಚಾರವನ್ನು ಸಾಮಾನ್ಯರಿಗೆ ತಿಳಿಯುವಂತೆ ಬರೆದದ್ದು ಇವರ ನೆರವಿನಿಂದ. ಲ್ಯಾಟಿನಿನಲ್ಲಿದ್ದ ಪ್ರಿನ್ಸಿಪಿಯಾವನ್ನು ಈಕೆ ಫ್ರೆಂಚಿಗೆ ತಂದು, ವ್ಯಾಖ್ಯಾನವನ್ನೂ ಬರೆದರು. ನಲವತ್ತೆರಡನೆಯ ವಯಸ್ಸಿಗೆ ಗರ್ಭಿಣಿಯಾದಾಗ ಬದುಕುವೆನೋ ಇಲ್ಲವೋ ಎಂದು ಹಗಲಿರುಳು ಕುಳಿತು ಆ ಕೆಲಸ ಮುಗಿಸಿದರು. ೧೭೪೯ರ ಸೆಪ್ಟೆಂಬರಿನಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಪ್ಯಾರಿಸಿನ ವಿಜ್ಞಾನ ಅಕಾಡೆಮಿಯಲ್ಲಿ ಹೆಂಗಸರಿಗೆ ಸದಸ್ಯತ್ವವಿರಲಿಲ್ಲ. ಬೆಳಕಿನ ಯುಗ ಎನ್ನುತ್ತಾರೆ, ಆದರೆ ಆ ಬೆಳಕು ಎಲ್ಲ ಬಾಗಿಲುಗಳನ್ನೂ ದಾಟಿರಲಿಲ್ಲ.

ಹ್ಯಾಲಿ ಹೇಳಿದ ಕಾಲ ಹತ್ತಿರ ಬಂತು. ದಾರಿಯಲ್ಲಿ ಗುರು ಗ್ರಹ, ಶನಿ ಗ್ರಹ ಸೆಳೆದರೆ ಧೂಮಕೇತು ತಡವಾದೀತಲ್ಲ, ಎಷ್ಟು ತಡ? ಕ್ಲೆರೋ ಎಂಬ ಗಣಿತಜ್ಞ ಲೆಕ್ಕಕ್ಕೆ ಕೈಹಾಕಿದ. ಜೊತೆಗೆ ಲಲಾಂದ್ ಎಂಬ ತರುಣ, ಮತ್ತು ಗಡಿಯಾರ ಮಾಡುವವರ ಮನೆಯ ಹೆಣ್ಣುಮಗಳು ನಿಕೋಲ್ ಲೆಪೋತ್. ಆರು ತಿಂಗಳು ಮುಂಜಾನೆಯಿಂದ ರಾತ್ರಿಯವರೆಗೆ, ಕೆಲವೊಮ್ಮೆ ಉಣ್ಣುವಾಗಲೂ ಲೆಕ್ಕ. ಆಗಿನದು ಕೈಲೆಕ್ಕ, ಯಂತ್ರವಿಲ್ಲ. ೧೭೫೮ರ ನವೆಂಬರಿನಲ್ಲಿ ಫಲ ಹೇಳಿದರು: ಗುರುವಿನಿಂದ ೫೧೮ ದಿನ, ಶನಿಯಿಂದ ೧೦೦ ದಿನ ತಡ. ಸೂರ್ಯನ ಹತ್ತಿರ ಬರುವುದು ೧೭೫೯ರ ಏಪ್ರಿಲ್ ಮಧ್ಯಕ್ಕೆ, ಒಂದು ತಿಂಗಳು ಆಚೆಈಚೆ ಆಗಬಹುದು. ‘ಆಚೆಈಚೆ ಆಗಬಹುದು’ ಎಂದು ಮೊದಲೇ ಹೇಳಿದರಲ್ಲ, ಅದನ್ನು ಗಮನಿಸಿ. ತನ್ನ ತಪ್ಪಿನ ಅಳತೆಯನ್ನು ತಾನೇ ಮುಂಚಿತವಾಗಿ ಹೇಳುವ ಜ್ಯೋತಿಷಿಯನ್ನು ನಾವು ಇನ್ನೂ ಕಂಡಿಲ್ಲ.

ಮೊದಲು ಕಂಡವರು ಯಾರು? ಪ್ಯಾರಿಸಿನ ಪಂಡಿತರಲ್ಲ. ೧೭೫೮ರ ಡಿಸೆಂಬರ್ ೨೫ರ ರಾತ್ರಿ, ಜರ್ಮನಿಯ ಡ್ರೆಸ್ಡೆನ್ ಹತ್ತಿರದ ಹಳ್ಳಿಯಲ್ಲಿ ಪಾಲಿಚ್ ಎಂಬ ಒಬ್ಬ ರೈತ ಕಂಡ! ಹಗಲು ಹೊಲಗೆಲಸ, ರಾತ್ರಿ ತನಗೆ ತಾನೇ ಕಲಿತ ಖಗೋಳ. ಸುತ್ತ ಯುದ್ಧ ನಡೆದಿತ್ತು. ಪ್ಯಾರಿಸಿನಲ್ಲಿ ಮೆಸಿಯೆ ಎಂಬಾತ ಜನವರಿಯಲ್ಲೇ ಕಂಡರೂ ಅವನ ಮೇಲಧಿಕಾರಿ ಏಪ್ರಿಲಿನವರೆಗೆ ಬಾಯಿ ಬಿಡಗೊಡಲಿಲ್ಲ. ೧೭೫೯ರ ಮಾರ್ಚ್ ೧೩ರಂದು ಧೂಮಕೇತು ಸೂರ್ಯನ ಅತಿ ಹತ್ತಿರ ಬಂತು. ಲೆಕ್ಕ ತಪ್ಪಿದ್ದು ಒಂದು ತಿಂಗಳು, ಅವರು ಹೇಳಿದಷ್ಟೇ. ಆ ವರ್ಷವೇ ತೀರಿಹೋದ ಎಮಿಲಿಯವರ ಅನುವಾದ ಪೂರ್ಣವಾಗಿ ಅಚ್ಚಾಗಿ ಹೊರಬಂತು. ಕ್ಲೆರೋ ಮಾತ್ರ ಮುಂದೆ ತನ್ನ ಪುಸ್ತಕದಲ್ಲಿ ಲೆಪೋತ್ ಅವರ ಹೆಸರನ್ನು ಕೈಬಿಟ್ಟ. ಲಲಾಂದ್ ಮರೆಯದೆ ಬರೆದಿಟ್ಟದ್ದರಿಂದ ನಮಗೆ ಆ ಹೆಸರು ಗೊತ್ತು.

ಅದೇ ಮಾರ್ಚ್ ತಿಂಗಳ ೮ನೆಯ ತಾರೀಖು, ಅಂದರೆ ಐದು ದಿನ ಮುಂಚೆ, ಫ್ರಾನ್ಸಿನ ಸರ್ಕಾರ ‘ಎನ್‌ಸೈಕ್ಲೊಪೀಡಿಯ’ ಎಂಬ ವಿಶ್ವಕೋಶದ ಮುದ್ರಣ ಪರವಾನಗಿಯನ್ನು ರದ್ದುಮಾಡಿತ್ತು. ದಿದರೋ, ದಾಲಂಬೇರ್ ಎಂಬಿಬ್ಬರು ೧೭೫೧ರಿಂದ ಹೊರತರುತ್ತಿದ್ದ ಗ್ರಂಥವದು. ನ್ಯೂಟನ್ನನ ವಿಚಾರದಿಂದ ಹಿಡಿದು ಕಮ್ಮಾರನ ಕುಲುಮೆಯವರೆಗೆ ಎಲ್ಲವೂ ಅದರಲ್ಲಿತ್ತು. ಪರವಾನಗಿ ಹೋಯಿತೆಂದು ದಿದರೋ ಬಿಡಲಿಲ್ಲ, ಒಳಗೊಳಗೇ ಕೆಲಸ ಮಾಡಿ ಹದಿನೇಳು ಸಂಪುಟಗಳ ಪಾಠವನ್ನು ಮುಗಿಸಿದ.

ಈಗ ಬೇಲನ ಆ ಮಾತನ್ನು ಗಂಟಿನಿಂದ ಬಿಚ್ಚಿರಿ. ೧೭೬೧ರ ಅಕ್ಟೋಬರಿನಲ್ಲಿ ತುಲೂಸ್ ನಗರದಲ್ಲಿ ಜಾನ್ ಕಾಲಾಸ್ ಎಂಬ ಮುದಿ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಹಿರಿಯ ಮಗ ಕುತ್ತಿಗೆಗೆ ಉರುಲು ಬಿದ್ದು ಸತ್ತಿದ್ದ. ಮನೆಯವರು ಪ್ರಾಟೆಸ್ಟಂಟರು. ಮಗ ಕ್ಯಾಥೊಲಿಕ್ ಆಗಲು ಹೊರಟಿದ್ದ, ಅದಕ್ಕೇ ತಂದೆ ಕೊಂದ ಎಂದು ಗುಂಪಿನಲ್ಲಿ ಯಾರೋ ಕೂಗಿದರು. ಅವರು ಹೇಳಿದರಂತೆ, ಇವರು ಕೇಳಿದರಂತೆ. ಊರೇ ಸಾಕ್ಷಿಯಾಯಿತು, ಕಂಡವರು ಒಬ್ಬರೂ ಇಲ್ಲ. ಅಲ್ಲಿಯ ಕೋರ್ಟುಗಳಲ್ಲಿ ಗಾಳಿಮಾತನ್ನು ಕಾಲು ಸಾಕ್ಷಿ, ಅರೆಕಾಲು ಸಾಕ್ಷಿ ಎಂದು ಎಣಿಸಿ ಕೂಡಿಸಿ ಪೂರ್ಣ ಸಾಕ್ಷಿ ಮಾಡುತ್ತಿದ್ದರೆಂದು ವಾಲ್ಟೇರ್ ಮುಂದೆ ಹಂಗಿಸಿ ಬರೆದ. ೧೭೬೨ರ ಮಾರ್ಚ್ ೧೦ರಂದು ಆ ಮುದುಕನನ್ನು ಚಕ್ರಕ್ಕೆ ಕಟ್ಟಿ ಎಲುಬು ಮುರಿದು ಕೊಂದರು. ಕೊನೆಯ ಉಸಿರಿನವರೆಗೂ ತಾನು ಮಾಡಿಲ್ಲವೆಂದೇ ಹೇಳಿದ.

ವಾಲ್ಟೇರ್ ಮೊದಲು ನಂಬಲಿಲ್ಲ. ಆಮೇಲೆ ಉಳಿದವರನ್ನು ಕರೆಸಿ ಕೇಳಿದ, ಕಾಗದಪತ್ರ ತರಿಸಿ ನೋಡಿದ, ಯಾರು ಕಂಡದ್ದು ಯಾರು ಕೇಳಿದ್ದು ಎಂದು ಬೇರೆಬೇರೆ ಮಾಡಿದ. ಅರವತ್ತು ದಾಟಿದ ಮುದಿ ಮನುಷ್ಯನೊಬ್ಬ ತನ್ನ ಹಿರಿಮಗನನ್ನು, ಅದೂ ಗಟ್ಟಿಮುಟ್ಟಾದ ತರುಣನನ್ನು, ಒಬ್ಬನೇ ನೇಣಿಗೇರಿಸಬಲ್ಲನೇ ಎಂದು ಕೇಳಿದ. ಬಾಲಚುಕ್ಕಿಗೆ ಹಾಕಿದ ಪ್ರಶ್ನೆಯೇ ಈಗ ನ್ಯಾಯಪೀಠಕ್ಕೆ ಬಂತು: ಪರೀಕ್ಷಿಸಿದವರು ಯಾರು? ಮೂರು ವರ್ಷ ಬಿಡದೆ ಹೋರಾಡಿದ. ೧೭೬೫ರ ಮಾರ್ಚ್ ೯ರಂದು ಕಾಲಾಸ್ ನಿರಪರಾಧಿ ಎಂದು ತೀರ್ಪಾಯಿತು. ಸತ್ತವನು ಬರಲಿಲ್ಲ, ಆದರೆ ಅವನ ಹೆಂಡತಿ ಮಕ್ಕಳು ತಲೆಯೆತ್ತಿ ನಡೆದರು. ಧೂಮಕೇತುವಿನ ಲೆಕ್ಕವೇ ಇದನ್ನು ಮಾಡಿಸಿತು ಎಂದರೆ ಅತಿಯಾದೀತು. ವಾಲ್ಟೇರ್ ಬೇಲನನ್ನೂ ನ್ಯೂಟನ್ನನನ್ನೂ ಓದಿದ್ದ, ಓದಿದ್ದು ಅವನ ಕೈಗೆ ಇಳಿದಿತ್ತು ಎಂದಷ್ಟೇ ನಾವು ಹೇಳುತ್ತೇವೆ.

ಭಯ ಪೂರ್ತಿ ಹೋಯಿತೇ? ಇಲ್ಲ, ಬಟ್ಟೆ ಬದಲಿಸಿತು. ೧೭೭೩ರಲ್ಲಿ ಅದೇ ಲಲಾಂದ್ ಧೂಮಕೇತುಗಳು ಭೂಮಿಯ ಹತ್ತಿರ ಬರಬಹುದೇ ಎಂದು ಒಂದು ಪ್ರಬಂಧ ಬರೆದರೆ, ಇಂಥ ದಿನ ಡಿಕ್ಕಿ ಹೊಡೆಯುತ್ತದಂತೆ ಎಂದು ಪ್ಯಾರಿಸ್ ತುಂಬ ಗಾಬರಿ. ೧೯೧೦ರಲ್ಲಿ ಧೂಮಕೇತುವಿನ ಬಾಲದಲ್ಲಿ ವಿಷಾನಿಲವಿದೆಯೆಂದು ವಿಜ್ಞಾನಿಗಳು ಹೇಳಿದ್ದೇ ತಡ, ಪರದೇಶಗಳಲ್ಲಿ ಧೂಮಕೇತುವಿನ ಗುಳಿಗೆ ಮಾರಿದರು, ಜನ ಕೊಂಡು ನುಂಗಿದರು! ವಿಚಾರವಾದಿಗಳೂ ಕಡಿಮೆಯಿಲ್ಲ. ೧೪೫೬ರಲ್ಲಿ ಒಬ್ಬ ಪೋಪ್ ಧೂಮಕೇತುವಿಗೇ ಬಹಿಷ್ಕಾರ ಹಾಕಿದನೆಂಬ ಕಥೆಯನ್ನು ಅವರು ಬಹಳ ಕಾಲ ನಗುತ್ತ ಹೇಳಿಕೊಂಡು ಬಂದರು. ಹುಡುಕಿ ನೋಡಿದರೆ ಅಂಥ ಆಜ್ಞಾಪತ್ರವೇ ಇಲ್ಲ. ಬೇಲ್ ಇದ್ದಿದ್ದರೆ ಅವರನ್ನೂ ಕೇಳುತ್ತಿದ್ದ: ನೋಡಿದವರು ಯಾರು?

ಆ ಮುದುಕಿಯ ಮೊಮ್ಮಗಳಿಗೆ ಹೆಣ್ಣುಮಗುವಾಯಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ನಾವು ಹೇಳಿದ್ದು ನಿಜವಾಯಿತೆಂದು ಆ ತಾಯಿ ಕಾಯಿ ಸಕ್ಕರೆ ತಂದು ಕೊಟ್ಟರು. ತೆಗೆದುಕೊಳ್ಳುವಾಗ ನಮಗೆ ಸಂಕೋಚವಾಯಿತು. ಪ್ರಶ್ನೆ ಕೇಳಿದ ಹುಡುಗನನ್ನು ಆಮೇಲೆ ಕರೆದು, ನಮಗೆ ಗೊತ್ತಿರಲಿಲ್ಲಪ್ಪ ಎಂದು ಹೇಳಿದೆವು. ಆ ಮಾತು ಹೇಳಲು ನಮಗೆ ಎರಡು ವರ್ಷ ಬೇಕಾಯಿತು.

ಹ್ಯಾಲಿಯ ಧೂಮಕೇತು ಮತ್ತೆ ಬರುವುದು ೨೦೬೧ರಲ್ಲಿ. ನಾವಂತೂ ಇರುವುದಿಲ್ಲ. ಮುಂದೆ ಕುಳಿತ ಈ ಮಕ್ಕಳು ನೋಡುತ್ತಾರೆ. ಇಂದು ನಮ್ಮ ಶಾಲೆಯ ವಿಜ್ಞಾನದ ಗುರುಗಳು ದೂರದರ್ಶಕ ತಂದು ಅಂಗಳದಲ್ಲಿ ನಿಲ್ಲಿಸಿದ್ದಾರೆ. ಗುರು ಗ್ರಹವನ್ನೂ ಅದರ ನಾಲ್ಕು ಚಂದ್ರರನ್ನೂ ತೋರಿಸುತ್ತಾರೆ. ಧೂಮಕೇತುವನ್ನು ೫೧೮ ದಿನ ತಡೆದು ನಿಲ್ಲಿಸಿದ ಗುರು ಅದೇ. ಪ್ರಸಾದ ಮುಗಿಸಿ ಎಲ್ಲರೂ ಬನ್ನಿ. ನೂಕಾಡಬೇಡಿ, ಸಾಲಾಗಿ ಬನ್ನಿ, ಮಕ್ಕಳು ಮುಂದೆ ನಿಲ್ಲಲಿ.